ಬೋಟಿಗೆ ಎಷ್ಟು ಗಾಳಿ?

ಕಾಶಿನಾಥ ಕೈ ಎತ್ತಿದ್ದು ಚಟ್ನಿಗೆ.

ಕೆಂಪಾಪುರದ ಆ ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲಿ ಬೋಂಡ ಹಂಚುತ್ತಿದ್ದರು. ಹಿಂದಿನ ಸಾಲಿನಲ್ಲಿದ್ದ ಕಾಶಿನಾಥನ ತಟ್ಟೆಗೆ ಬೋಂಡ ಬಂತು, ಚಟ್ನಿ ಬರಲಿಲ್ಲ. ಚಟ್ನಿಯ ಪಾತ್ರೆ ಹಿಡಿದವನು ಆಗಲೇ ಮುಂದೆ ಹೋಗಿಬಿಟ್ಟಿದ್ದ. ಅವನನ್ನು ಕರೆಯಲೆಂದು ಕಾಶಿನಾಥ ಬಲಗೈಯನ್ನು ನೆಟ್ಟಗೆ ಮೇಲೆತ್ತಿದ. ಅದೇ ಗಳಿಗೆಯಲ್ಲಿ ಸಂಘದ ಅಧ್ಯಕ್ಷೆ ಕೃಷ್ಣವೇಣಿ ಮೇಡಂ ಮೈಕಿನಲ್ಲಿ, "ಹಾಗಾದ್ರೆ ಹೊಸ ಬೋಟಿನ ಜವಾಬ್ದಾರಿ ಯಾರು ತಗೋತೀರಿ? ಕೈ ಎತ್ತಿ" ಎಂದಿದ್ದರು. ಇಡೀ ಸಭೆಯಲ್ಲಿ ಎದ್ದಿದ್ದು ಅದೊಂದೇ ಕೈ. ಹೈಸ್ಕೂಲಿನ ಹೆಡ್‌ಮಿಸ್ಸಾಗಿ ನಿವೃತ್ತರಾದವರ ಕಣ್ಣಿನಿಂದ ಎತ್ತಿದ ಕೈಯೊಂದು ತಪ್ಪಿಸಿಕೊಳ್ಳುವುದುಂಟೆ?

"ವೆರಿ ಗುಡ್ ಕಾಶಿನಾಥ್! ಕೃಷ್ಣಾ ನದಿ ದಂಡೆಯವರು ಅಂದ್ರೆ ಸುಮ್ನೇನಾ!"

ಚಪ್ಪಾಳೆ ಬಿತ್ತು. ಚಟ್ನಿ ಕೊನೆಗೂ ಬರಲಿಲ್ಲ.

ಕೈ ಕೊಟ್ಟು ಕೋಳ ಹಾಕಿಸಿಕೊಳ್ಳುವುದು ಎಂದರೆ ಇದೇ. ಹೋದ ವರ್ಷದ ಮಳೆಯಲ್ಲಿ ರಾಜಕಾಲುವೆ ಉಕ್ಕಿ ಕೆಳಗಿನ ಅಡ್ಡರಸ್ತೆ ಮುಳುಗಿದ್ದರಿಂದ ಸಂಘದವರು ಗಾಳಿ ತುಂಬುವ ರಬ್ಬರ್ ಬೋಟೊಂದನ್ನು ತರಿಸಿದ್ದರು. ಬರುವ ಭಾನುವಾರ ಅದರ ಪೂಜೆ, ಆಮೇಲೆ ವಾರ್ಡಿನ ಎಂಜಿನಿಯರ್ ಸಾಹೇಬರ ಎದುರು ಅದನ್ನು ನೀರಿಗಿಳಿಸುವ ಕಾರ್ಯಕ್ರಮ.

ಇನ್ನು ಕೃಷ್ಣಾ ನದಿಯ ಸಂಗತಿ. ಕಾಶಿನಾಥ ವಿಜಯಪುರದ ಕಡೆಯವನು, ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಬಡಾವಣೆಗೆ ಬಂದ ಹೊಸದರಲ್ಲಿ, ಎಲ್ಲರೂ ತಮ್ಮ ತಮ್ಮ ಊರಿನ ಜಂಬ ಕೊಚ್ಚಿಕೊಳ್ಳುತ್ತಿದ್ದಾಗ, ಇವನೂ ಒಂದು ಬಿಟ್ಟಿದ್ದ: "ನಮ್ಮೂರು ಕೃಷ್ಣಾ ದಂಡಿ ಮ್ಯಾಲ ಐತ್ರಿ. ನಮ್ಮಲ್ಲಿ ಕೂಸು ಮೊದಲ ಈಜತೈತಿ, ಆಮ್ಯಾಲ ಅಂಬೆಗಾಲು ಇಡತೈತಿ." ನಿಜ ಹೇಳಬೇಕೆಂದರೆ ಅವನ ಊರಿನಿಂದ ಕೃಷ್ಣೆಯನ್ನು ನೋಡಲು ಎರಡು ಬಸ್ಸು ಬದಲಿಸಬೇಕಿತ್ತು. ಒಂದು ಚೆಂಬು ನೀರಿನಲ್ಲಿ ಮಿಂದು, ಉಳಿದದ್ದನ್ನು ಕರಿಬೇವಿನ ಗಿಡಕ್ಕೆ ಹಾಕುವ ಊರು ಅದು. ಸಾಲದ್ದಕ್ಕೆ, ಊರಿನ ಅಯ್ಯನವರು ಇವನ ಜಾತಕ ನೋಡಿ, ನಲವತ್ತು ದಾಟಿದ ಮೇಲೆ ಜಲಗಂಡವಿದೆ ಎಂದು ಹೇಳಿಟ್ಟಿದ್ದರು. ಅವನಿಗೆ ಕಳೆದ ಯುಗಾದಿಗೆ ನಲವತ್ತು ತುಂಬಿತ್ತು. ಅಂದಿನಿಂದ ಅವನು ಹೆಬ್ಬಾಳದ ಫ್ಲೈಓವರಿನ ಮೇಲೆ ಬಸ್ಸಿನಲ್ಲಿ ಹೋಗುವಾಗಲೂ ಕೆರೆಯ ಕಡೆಯ ಸೀಟಿನಲ್ಲಿ ಕೂರುತ್ತಿರಲಿಲ್ಲ.

ನೀರಿನ ಭಯ ಒಂದಾದರೆ, ಗಾಳಿಯ ಭಯ ಇನ್ನೊಂದು. ಏನಾದರೂ ಉಬ್ಬುತ್ತಿದೆ ಎಂದರೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿ ಕುಕ್ಕರು ಎರಡನೇ ವಿಷಲ್ ಹಾಕಿದರೆ ಸಾಕು, ಪೇಪರ್ ಹಿಡಿದು ಅಂಗಳಕ್ಕೆ ಬಂದುಬಿಡುತ್ತಿದ್ದ. ಇಂಥ ಮನುಷ್ಯನ ಕೈಗೆ, ಗಾಳಿ ತುಂಬಿ ನೀರಿಗಿಳಿಸುವ ಬೋಟು ಬಂದಿತ್ತು. ಗಾಳಿ ಹೆಚ್ಚಾದರೆ ಸಿಡಿಯುತ್ತದೆ, ಕಮ್ಮಿಯಾದರೆ ಮುಳುಗುತ್ತದೆ. ಅತ್ತ ದರಿ, ಇತ್ತ ಪುಲಿ.

ಭಾನುವಾರ ಬೆಳಿಗ್ಗೆ ಹೆಂಡತಿ ಐಶ್ವರ್ಯ ಕೊನೆಯ ಸಲ ಹೇಳಿ ನೋಡಿದಳು. "ರೀ, ಖರೇ ಹೇಳಿಬಿಡ್ರಿ. ಈಜು ಬರೂದಿಲ್ಲ ಅಂದ್ರ ಯಾರೂ ನಿಮ್ಮ ತಲಿ ತಗಿಯೂದಿಲ್ಲ."

"ತಲಿ ತಗಿಯೂದಿಲ್ಲ, ಮರ್ಯಾದಿ ತಗೀತಾರ" ಎಂದ ಕಾಶಿನಾಥ.

ಬೋಟಿನ ಜೊತೆಗೆ ಒಂದೇ ಒಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಂದಿತ್ತು. ಅದನ್ನು ಅವನು ಏಳುತ್ತಲೇ ತೊಟ್ಟುಕೊಂಡಿದ್ದ. ಹಲ್ಲುಜ್ಜಿದ್ದೂ ಅದರಲ್ಲೇ, ಉಪ್ಪಿಟ್ಟು ತಿಂದಿದ್ದೂ ಅದರಲ್ಲೇ.

ಮನೆಯ ಮುಂದಿನ ರಸ್ತೆಯಲ್ಲಿ ಬೋಟನ್ನು ಹಾಸಿ, ಕಾಲಿನಿಂದ ತುಳಿಯುವ ಪಂಪನ್ನು ಸಿಕ್ಕಿಸಿ, ಕಾಶಿನಾಥ ಗಾಳಿ ತುಂಬತೊಡಗಿದ. ಒಂದು ಸಮಾಧಾನವಿತ್ತು. ಬೋಟಿನ ಮೂತಿಯ ಹತ್ತಿರ ಬಿಳಿಯ ಜಾಗದಲ್ಲಿ ಒಂದು ಅಳತೆಪಟ್ಟಿ ಅಚ್ಚಾಗಿತ್ತು. ಬೋಟು ಉಬ್ಬಿದಂತೆ ಅದೂ ಹಿಗ್ಗುತ್ತದೆ. ಜೊತೆಯಲ್ಲಿ ಕೊಟ್ಟ ಇನ್ನೊಂದು ಪ್ಲಾಸ್ಟಿಕ್ ಪಟ್ಟಿಯನ್ನು ಪಕ್ಕದಲ್ಲಿ ಹಿಡಿದಾಗ ಎರಡರ ಗೆರೆಯೂ ಕೂಡಿದರೆ ಗಾಳಿ ಸರಿಯಾಗಿದೆ ಎಂದು ಅರ್ಥ. ಕಾಶಿನಾಥ ನಾಲ್ಕು ಸಲ ತುಳಿಯುವುದು, ಓಡಿಹೋಗಿ ಪಟ್ಟಿ ಹಿಡಿಯುವುದು, ಮತ್ತೆ ಬಂದು ತುಳಿಯುವುದು, ಹೀಗೇ ಮಾಡಿ ಕೊನೆಗೆ ಗೆರೆಗೆ ಗೆರೆ ಕೂಡಿಸಿಬಿಟ್ಟ. ಮೂಗಿನ ತುದಿಯ ಬೆವರು ಒರೆಸಿಕೊಂಡು ನೋಡಿದ. ಗಾಳಿ ಸರಿಯಾಗಿದೆ. ಇನ್ನು ಸಿಡಿಯುವುದಿಲ್ಲ, ಮುಳುಗುವುದೂ ಇಲ್ಲ. ಅಯ್ಯನವರ ಮಾತು ಸುಳ್ಳಾಗುವ ಲಕ್ಷಣ ಕಾಣಿಸಿ ಅವನಿಗೆ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಕೃಷ್ಣವೇಣಿ ಮೇಡಂ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದರು.

"ವಾಹನ ಅಂದ್ಮೇಲೆ ಮೊದಲು ಮಂಗಳಕರವಾಗಿ ಕಾಣ್ಬೇಕು" ಎನ್ನುತ್ತಾ ಸುತ್ತ ನೋಡಿದರು. ಇಡೀ ಬೋಟು ಬೂದು ಬಣ್ಣ, ಮೂತಿಯ ಹತ್ತಿರ ಮಾತ್ರ ಬಿಳಿ. "ಇಲ್ಲಿ ಎದ್ದು ಕಾಣುತ್ತೆ" ಎಂದು, ಅಳತೆಪಟ್ಟಿಯ ಮೇಲೆಯೇ ಅರಿಸಿನ ಬಳಿದು, ಅದರ ಮೇಲೆ ಅಂಗೈಯಗಲ ಕುಂಕುಮ ಮೆತ್ತಿ, ದೊಡ್ಡದೊಂದು ಸ್ವಸ್ತಿಕ ಬರೆದೇಬಿಟ್ಟರು.

"ಮೇಡಂ! ಅದು ಅಳತಿ ಪಟ್ಟಿ ಐತ್ರಿ. ಒಂದೀಟು ವರಸ್ತೀನ್ರಿ..."

"ಏನು? ಹಚ್ಚಿದ ಕುಂಕುಮ ಒರೆಸ್ತೀರಾ? ಒಳ್ಳೇ ದಿನ ಎಂಥ ಮಾತು ಆಡ್ತೀರಿ ಕಾಶಿನಾಥ್!"

ಒಂಬತ್ತನೇ ಕ್ಲಾಸಿನ ಹುಡುಗನಂತೆ ಕಾಶಿನಾಥ ಕೈ ಹಿಂದಕ್ಕೆ ಕಟ್ಟಿ ನಿಂತ. ಇನ್ನು ಗಾಳಿಯ ಲೆಕ್ಕ ದೇವರಿಗೇ ಗೊತ್ತು. ದೇವರಿಗೆ ಮಾತ್ರ ಗೊತ್ತಿದ್ದರೆ ಚಿಂತೆಯಿರಲಿಲ್ಲ, ಎದುರು ಮನೆಯ ಗುಂಡಣ್ಣನಿಗೂ ಗೊತ್ತಿತ್ತು.

ಗುಂಡಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದು ನಿವೃತ್ತರಾದವರು. ಗಾಳಿ ನೋಡುವುದಕ್ಕೆ ಅವರಿಗೆ ಗೊತ್ತಿದ್ದದ್ದು ಒಂದೇ ವಿಧಾನ. ಬಂದವರೇ ಬೋಟಿಗೆ ಒಂದು ಒದ್ದರು.

"ಗಾಳಿ ಎಲ್ಲಿದೆ ರೀ ಇದ್ರಲ್ಲಿ? ನಮ್ ಡಿಪೋದಲ್ಲಿ ಒದ್ರೆ ಟಣ್ ಅನ್ಬೇಕಿತ್ತು ಟೈರು. ಇದು ಇಡ್ಲಿ ಥರ ಇದೆಯಲ್ರೀ!"

ಕಾಶಿನಾಥ ಬೇಡವೆನ್ನುವಷ್ಟರಲ್ಲಿ ಪಂಪು ಅವರ ಕಾಲಡಿಗೆ ಹೋಗಿತ್ತು. ಧಸ್ ಪುಸ್, ಧಸ್ ಪುಸ್. ಬೋಟಿನ ಸುಕ್ಕೆಲ್ಲ ಹೋಗಿ ಮೈ ಮಿರಮಿರ ಮಿಂಚತೊಡಗಿತು. ಒಂದು ಮೂಲೆಯಲ್ಲಿ ಕಿರ್ರ್ ಎಂದಿತು. ಕಾಶಿನಾಥ ಮೆಲ್ಲಗೆ ಹಿಂದೆ ಸರಿಯುತ್ತಾ ಸರಿಯುತ್ತಾ ನಿಲ್ಲಿಸಿದ್ದ ಕಾರಿನ ಆಚೆ ಕಡೆಗೆ ಹೋಗಿ ಕೂತ.

ಮಹಡಿಮನೆಯ ಗುರುಚರಣ್ ಮೊಬೈಲ್ ಹಿಡಿದು ಇಳಿದು ಬಂದ. ಕಂಪ್ಯೂಟರ್ ಕೆಲಸದ ಹುಡುಗ, ಜಗತ್ತಿನ ಯಾವ ವಿಷಯಕ್ಕೂ ಅವನ ಮೊಬೈಲಿನಲ್ಲಿ ಒಂದು ವಿಡಿಯೋ ಇರುತ್ತಿತ್ತು.

"ಕಾಶಿ ಸರ್, ಬಿಸಿಲಲ್ಲಿ ಇಟ್ಟಿದ್ದೀರಲ್ಲ, ಒಳಗಿನ ಗಾಳಿ ಹಿಗ್ಗುತ್ತೆ. ಸಖತ್ ಡೇಂಜರ್. ನೋಡಿ ಇಲ್ಲಿ." ವಿಡಿಯೋದಲ್ಲಿ ಇಂಥದೇ ಬೋಟೊಂದು ಢಮ್ಮೆಂದು ಸಿಡಿದು ಚಿಂದಿಯಾಯಿತು. "ಸ್ಲೋ ಮೋಷನ್‌ನಲ್ಲೂ ಇದೆ, ತೋರಿಸ್ಲಾ?"

"ಬ್ಯಾಡ್ರೀ! ಒಂದೀಟು ಗಾಳಿ ಬಿಡೂನು?"

"ಹಾಗೂ ಮಾಡೋ ಹಾಗಿಲ್ಲ ಸರ್. ತಣ್ಣಗಿನ ನೀರಿಗೆ ಇಳಿಸಿದ ತಕ್ಷಣ ಗಾಳಿ ಕುಗ್ಗುತ್ತೆ. ಕಮ್ಮಿ ಇದ್ರೆ ಬೋಟು ಮಧ್ಯಕ್ಕೆ ಮಡಚಿಕೊಳ್ಳುತ್ತೆ. ಅದಕ್ಕೂ ವಿಡಿಯೋ ಇದೆ."

"ಹಂಗಾರ ಎಷ್ಟು ಹಾಕೂದ್ರಿ?"

"ಕರೆಕ್ಟಾಗಿ ಹಾಕ್ಬೇಕು ಸರ್" ಎಂದು ಗುರುಚರಣ್ ಗಂಭೀರವಾಗಿ ಹೇಳಿದ.

ನೆರಳಿಗೆ ಎಳೆಯೋಣವೆಂದರೆ, ಬೋಟು ಕೂರಿಸಲೆಂದು ಬರೆದ ಪೂಜೆಯ ರಂಗೋಲಿ ಬಿಸಿಲಿನಲ್ಲೇ ಬಿದ್ದಿತ್ತು. ಎಂಜಿನಿಯರ್ ಸಾಹೇಬರು ಹತ್ತಕ್ಕೆ ಬರುತ್ತೇನೆಂದವರು ಹನ್ನೊಂದಾದರೂ ಫೋನಿನಲ್ಲಿ "ಹೆಬ್ಬಾಳ ಟ್ರಾಫಿಕ್" ಎನ್ನುತ್ತಿದ್ದರು. ಬಿಸಿಲು ಏರಿತು. ಬೋಟು ಆಗಾಗ ಕಿರ್ರ್ ಎನ್ನುತ್ತಿತ್ತು, ಪ್ರತಿ ಕಿರ್ರಿಗೂ ಕಾಶಿನಾಥನ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ತಡೆಯಲಾರದೆ, ಯಾರಿಗೂ ಕಾಣದಂತೆ ಬೋಟಿಗೆ ಬೆನ್ನು ಕೊಟ್ಟು ಕೂತು, ಹಿಂಗೈಯಿಂದ ಗಾಳಿಯ ಬಿರಡೆ ಸಡಿಲಿಸಿದ.

ಉಸ್ಸ್ಸ್ಸ್...

ಹೂವು ತಂದಿದ್ದ ಮೂಲೆಮನೆಯ ರತ್ನಕ್ಕ ಗಕ್ಕನೆ ನಿಂತು, ಅವನನ್ನು ಮರುಕದಿಂದ ನೋಡಿದರು.

"ಒಟ್ಟೆ ಕೆಟ್ಟೈತಾ ಕಾಸಿನಾತಪ್ಪ? ಓಂಕಾಳು ತಂದ್ಕೊಡ್ಲಾ?"

ಮರ್ಯಾದೆಯಲ್ಲಿ ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು ಎಂದು ಒಂದು ಕ್ಷಣ ಯೋಚಿಸಿದ ಕಾಶಿನಾಥ, "ಹೌದ್ರಿ" ಎಂದುಬಿಟ್ಟ. ರತ್ನಕ್ಕ ಎದುರು ನಿಂತು ಒಂದು ಹಿಡಿ ಓಂಕಾಳು ತಿನ್ನಿಸಿಯೇ ಹೋದರು. ಅಷ್ಟರಲ್ಲಿ ಗುಂಡಣ್ಣ ಬಂದು ಇನ್ನೊಂದು ಒದ್ದು, "ಅರೆ, ಮತ್ತೆ ಇಳಿದಿದೆಯಲ್ರೀ" ಎಂದು ಇವನು ಬಿಟ್ಟದ್ದರ ಎರಡರಷ್ಟು ತುಂಬಿದರು. ಅವರು ಕಾಫಿಗೆ ಹೋದಾಗ ಇವನು ಬಿಟ್ಟ. ಕಾಫಿ ಕುಡಿದು ಬಂದು ಅವರು ತುಂಬಿದರು. ಬೆಳಗಿನಿಂದ ಆ ಬೋಟು ಉಸಿರಾಡಿದಷ್ಟು ಕಾಶಿನಾಥನೂ ಆಡಿರಲಿಲ್ಲ.

ಸಾಹೇಬರು ಬರುವುದರೊಳಗೆ ಪೂಜೆಯಾದರೂ ಮುಗಿಯಲೆಂದು ಮೇಡಂ ಶುರುಮಾಡಿದರು. ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿಯನ್ನು ಬೋಟಿನ ಅಂಚಿನ ಮೇಲೆಯೇ ಇಟ್ಟರು. ಅದರ ಕೆಂಡದ ತುದಿಯನ್ನೇ ನೋಡುತ್ತಾ ಕಾಶಿನಾಥ ಒಂದು ಶ್ಲೋಕವನ್ನೂ ಕೇಳಿಸಿಕೊಳ್ಳಲಿಲ್ಲ. ಬಾಳೆಹಣ್ಣು ಕೊಂಚ ವಾಲಿದರೂ ಅವನ ಕೊರಳೂ ಅತ್ತ ವಾಲುತ್ತಿತ್ತು. ಆಮೇಲೆ ನಿಂಬೆಹಣ್ಣಿನ ಪ್ರಶ್ನೆ ಬಂತು. ಹೊಸ ವಾಹನವೆಂದ ಮೇಲೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಬೇಕು.

"ಇದಕ್ಕೆ ಚಕ್ರ ಇಲ್ವಲ್ಲ ಮೇಡಂ?" ಎಂದ ಗುರುಚರಣ್.

"ನಾಲ್ಕು ಮೂಲೆಗೂ ಇಟ್ಬಿಡಿ. ಗುಂಡಣ್ಣನೋರು ಒಳಗೆ ಹತ್ತಿ ಕೂತ್ರೆ ಆಯ್ತು."

ಗುಂಡಣ್ಣ ಹೆಸರಿಗೆ ತಕ್ಕ ಗಾತ್ರದವರು. ಹತ್ತಿ ಕೂತರು. ನಿಂಬೆಹಣ್ಣು ಒಡೆಯಲಿಲ್ಲ. ಎದ್ದು ಕುಪ್ಪಳಿಸಿದರು. ಬೋಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಉಬ್ಬಿತು. ಇನ್ನೊಮ್ಮೆ ಕುಪ್ಪಳಿಸಿದರು.

ಫಟ್!

ಕಾಶಿನಾಥ ಎರಡು ಕೈಯನ್ನೂ ಮುಂದಕ್ಕೆ ಚಾಚಿ ರಸ್ತೆಯ ಮೇಲೆ ಬೋರಲು ಬಿದ್ದ. ಒಡೆದದ್ದು ನಿಂಬೆಹಣ್ಣು. ಆದರೆ ಬೋಟಿನ ಮುಂದೆ ಉದ್ದಂಡ ಮಲಗಿದ್ದ ಅವನನ್ನು ಕಂಡು ಕೃಷ್ಣವೇಣಿ ಮೇಡಂ ಕೈ ಮುಗಿದರು. "ಸಾಷ್ಟಾಂಗ ನಮಸ್ಕಾರ! ನೋಡಿ ಎಲ್ರೂ, ಭಕ್ತಿ ಅಂದ್ರೆ ಇದು. ಮಂಗಳಾರತಿ ಮಾಡಿ."

ಗಂಟೆ ಬಾರಿಸತೊಡಗಿದರು. ಕಣ್ಣು ತೆರೆದ ಕಾಶಿನಾಥನ ಮೂಗಿನೆದುರಿಗೇ ಬೋಟಿನ ಬಿರಡೆಯಿತ್ತು. ಅವನ ತಲೆಯಲ್ಲಿ ಬೆಳಗಿನಿಂದ ಹೊಳೆಯದ ಉಪಾಯವೊಂದು ಆಗ ಹೊಳೆಯಿತು. ಬೋಟು ಪೂರ್ತಿ ಮೆತ್ತಗಾಗಿಬಿಟ್ಟರೆ? ಇಂಥ ಬೋಟು ನೀರಿಗೆ ಇಳಿಯುವುದಿಲ್ಲವೆಂದು ಡಿಪೋದ ಗುಂಡಣ್ಣನೇ ಹೇಳುತ್ತಾರೆ. ಕಾರ್ಯಕ್ರಮ ರದ್ದು, ಜೀವ ಉಳಿಯಿತು, ಮರ್ಯಾದೆಯೂ ಉಳಿಯಿತು. ಗಂಟೆಯ ಸದ್ದಿನ ಮರೆಯಲ್ಲಿ ಬಿರಡೆಯನ್ನು ಪೂರ್ತಿ ತಿರುಗಿಸಿ, ಮಂಗಳಾರತಿ ಮುಗಿಯುವವರೆಗೂ ಅವನು ಏಳಲಿಲ್ಲ. ಏಳುವಾಗ ಯಾರಿಗೂ ಕಾಣದಂತೆ ಅದನ್ನು ಮತ್ತೆ ಬಿಗಿದ.

ಅವನೆಣಿಸಿದಂತೆಯೇ ಗುಂಡಣ್ಣ ಬೋಟನ್ನು ಒತ್ತಿ ನೋಡಿ ಹೌಹಾರಿದರು. "ಇದೇನ್ರೀ ಇದು, ರುಬ್ಬಿದ ಹಿಟ್ಟಿನ ಹಾಗೆ ಒಳಗೆ ಹೋಗುತ್ತೆ! ತನ್ನಿ ಆ ಪಂಪು."

"ಗುಂಡಣ್ಣನೋರೇ!" ಮೇಡಂ ಧ್ವನಿ ಏರಿತು. "ಪೂಜೆ ಆಗಿದೆ. ಪೂಜೆ ಆದ್ಮೇಲೆ ಕಾಲಲ್ಲಿ ತುಳಿದು ಗಾಳಿ ಹಾಕ್ತೀರಾ? ದೇವರು ಮೆಚ್ತಾನಾ? ಇರೋ ಗಾಳಿ ಸಾಕು, ನಡೀರಿ."

ಗುಂಡಣ್ಣ ಎತ್ತಿದ ಕಾಲನ್ನು ಕೆಳಗಿಳಿಸಿ ಕೆನ್ನೆ ಬಡಿದುಕೊಂಡರು. ಕಾಶಿನಾಥನಿಗೆ ಕಣ್ಣು ಕತ್ತಲಿಟ್ಟಿತು. ಕಾರ್ಯಕ್ರಮ ರದ್ದಾಗಲಿಲ್ಲ, ಬೋಟಿನ ಗಾಳಿ ಮಾತ್ರ ರದ್ದಾಗಿತ್ತು. ಇನ್ನು ಆ ಹಿಟ್ಟಿನ ಮುದ್ದೆಯಲ್ಲಿ ಕೂತು ನೀರಿಗೆ ಹೋಗಬೇಕಾದವನು ಅವನೇ.

ಬೋಟನ್ನು ಹೊತ್ತು ಎಲ್ಲರೂ ಬಡಾವಣೆಯ ತಗ್ಗಿಗೆ ಹೋದರು. ಅಲ್ಲಿ ಅಪಾರ್ಟ್‌ಮೆಂಟಿಗೆಂದು ಪಾಯ ತೋಡಿ, ಅರ್ಧಕ್ಕೇ ಬಿಟ್ಟ ದೊಡ್ಡ ಗುಂಡಿ. ಮಳೆನೀರು ತುಂಬಿ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು. ಎಷ್ಟು ಆಳವೆಂದು ಯಾರಿಗೂ ಗೊತ್ತಿರಲಿಲ್ಲ.

"ಓದ್ ತಿಂಗ್ಳು ಒಂದ್ ಎಮ್ಮೆ ಇಳೀತಂತೆ ಕಣಪ್ಪ, ಕೊಂಬೂ ಕಾಣ್ಲಿಲ್ವಂತೆ" ಎಂದು ರತ್ನಕ್ಕ ಅವನ ಕಿವಿಯಲ್ಲಿ ಹೇಳಿದರು.

ಎಂಜಿನಿಯರ್ ಆಂಜಿನಪ್ಪನವರ ಜೀಪು ಬಂದು ನಿಂತಿತು. ಹಾರ ಬಿತ್ತು. ಮೇಡಂ ಮೈಕು ಹಿಡಿದು, "ಈಗ ನಮ್ಮ ಕೃಷ್ಣಾ ತೀರದ ಈಜುಗಾರರಾದ..." ಎನ್ನುವಾಗ ಕಾಶಿನಾಥ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡ. ಕಣ್ಣೆದುರಿಗೆ ಅಯ್ಯನವರು ಬಂದರು, ಕೊಂಬು ಕಾಣದ ಎಮ್ಮೆ ಬಂತು, ಹೆಂಡತಿಯ ಮುಖ ಬಂತು. ಹೋಗಲಿ ಮರ್ಯಾದೆ ಎಂದವನೇ ಮುಂದೆ ಬಂದು ಮೇಡಂಗೆ ಕೈ ಮುಗಿದುಬಿಟ್ಟ.

"ಮೇಡಂ, ನನಗ ಈಜು ಬರೂದಿಲ್ರಿ! ನಮ್ಮೂರಾಗ ನದಿನೂ ಇಲ್ಲ, ಹಳ್ಳಾನೂ ಇಲ್ಲ. ಹೇಳಿದ್ದೆಲ್ಲ ಸುಳ್ಳು. ನೀರು ಕಂಡ್ರ ಜೀವ ಹೋಗತೈತ್ರಿ. ನನ್ನ ಬಿಟ್ಟುಬಿಡ್ರಿ!"

ಮೈಕು ಚಾಲೂ ಇತ್ತು. ಇಡೀ ಬಡಾವಣೆಗೆ ಕೇಳಿಸಿತು. ಕಾಶಿನಾಥ ತಲೆ ತಗ್ಗಿಸಿ ನಿಂತ. ನಾಚಿಕೆಯಾಗಿತ್ತು, ಆದರೆ ಎದೆಯ ಮೇಲಿನ ಚಪ್ಪಡಿ ಇಳಿದಂತೆ ಹಗುರವೂ ಆಗಿತ್ತು. ಕೃಷ್ಣವೇಣಿ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಕಾಶಿನಾಥ್, ಇದನ್ನ ಮೊದಲೇ ಹೇಳ್ಬಾರ್ದಿತ್ತಾ? ಒಂದು ವಾರದಿಂದ ನಾನು ಮುಳುಗೋಕೆ ಜನ ಹುಡುಕ್ತಾ ಇದ್ದೀನಿ!"

"ಅಂದ್ರ?"

"ರಕ್ಷಣೆ ಮಾಡಿ ತೋರಿಸ್ಬೇಕು ಅಂದ್ಮೇಲೆ ಮುಳುಗೋರು ಒಬ್ರು ಬೇಡ್ವಾ? ಈಜು ಬರೋರು ಮುಳುಗಿದ್ರೆ ನ್ಯಾಚುರಲ್ಲಾಗಿ ಇರಲ್ಲ. ಗುಂಡಣ್ಣನೋರೇ, ನೀವು, ಗುರುಚರಣ್ ಬೋಟ್ ಹತ್ತಿ. ಕಾಶಿನಾಥ್ ಮುಳುಗ್ತಾರೆ."

ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಗುಂಡಣ್ಣ ಅವನ ಲೈಫ್ ಜಾಕೆಟ್ಟಿನ ಪಟ್ಟಿಗೆ ಕೈ ಹಾಕಿದರು. ಕಾಶಿನಾಥ ಅದನ್ನು ಎರಡೂ ಕೈಯಲ್ಲಿ ಅವಚಿಕೊಂಡ.

"ಬಿಡ್ರೀ, ಜಾಕೆಟ್ ಹಾಕ್ಕೊಂಡ್ರೆ ಮುಳುಗೋದು ಹೇಗೆ?" ಎಂದು ಗುಂಡಣ್ಣ ಬಿಡಿಸಿಕೊಂಡು ತಾವೇ ತೊಟ್ಟರು.

"ಗಾಬರಿ ಬೇಡ, ಮೊಣಕಾಲು ನೀರಿಗೆ ಇಳಿದು ಕೂಗಿದ್ರೆ ಸಾಕು" ಎಂದು ಮೇಡಂ ಧೈರ್ಯ ಹೇಳಿದರು. ಗುಂಡಿಯೊಳಗೆ ಜೆಸಿಬಿ ಇಳಿದಿದ್ದ ಇಳಿಜಾರು ಜೇಡಿಮಣ್ಣಿನದು, ಪಾಚಿ ಕಟ್ಟಿತ್ತು. ಕಾಶಿನಾಥ ಶಿವಶಿವಾ ಎಂದು ಒಂದು ಕಾಲಿಟ್ಟ. ಎರಡನೆಯ ಕಾಲು ಇಡುವ ಅವಕಾಶವೇ ಬರಲಿಲ್ಲ. ಪಾರ್ಕಿನ ಜಾರುಬಂಡೆಯಲ್ಲಿ ಜಾರಿದಂತೆ ಕೂತ ಭಂಗಿಯಲ್ಲೇ ಸರ್ರನೆ ಹೋಗಿ, ಗುಂಡಿಯ ನಡುವಿನಲ್ಲಿ ಬುಳುಕ್ ಎಂದ.

ಬಾಯಿ ತುಂಬ ಕೆಸರುನೀರು. ಕಣ್ಣು ಬಿಟ್ಟರೆ ಆಕಾಶ, ಮುಚ್ಚಿದರೆ ಎಮ್ಮೆ. ಕೈಕಾಲು ಬಡಿಯುತ್ತಾ ಮೇಲೆ ನೋಡಿದಾಗ ಅವನಿಗೆ ಕಂಡದ್ದು, ತನ್ನನ್ನು ಉಳಿಸಲು ಬರುತ್ತಿದ್ದ ಬೋಟು. ಗುಂಡಣ್ಣ ಕೂತಾಗ ಅದರ ಹಿಂಭಾಗ ತಗ್ಗಿತು. ಗುರುಚರಣ್ ಕೂತಾಗ ಮುಂಭಾಗ ತಗ್ಗಿತು. ತಣ್ಣನೆಯ ನೀರು ತಾಗಿದ್ದೇ ತಡ, ಕುಂಕುಮದ ಸ್ವಸ್ತಿಕ ಮೆಲ್ಲಗೆ ಸುಕ್ಕುಗಟ್ಟಿತು. ಬೆಳಗಿನಿಂದ ಒಂದೊಂದೇ ಉಸಿರಿನಂತೆ ತಾನು ಕದ್ದು ಬಿಟ್ಟ ಗಾಳಿಯೆಲ್ಲ ಕಾಶಿನಾಥನ ಕಣ್ಣೆದುರು ಬಂತು. ಮಾಡಿದ್ದುಣ್ಣೋ ಮಹರಾಯ.

"ಬರಬ್ಯಾಡ್ರೀ!" ಎಂದು ಕಿರುಚಿದ. "ಬೋಟಿನ್ಯಾಗ ಗಾಳಿ ಇಲ್ರೀ! ನಾನಽ ಬಿಟ್ಟೀನ್ರೀ! ಗಾಳಿ ಹಾಕ್ರೀ, ಗಾಳಿ!"

"ಏನ್ ಆ್ಯಕ್ಟಿಂಗ್ ರೀ ಮೇಡಂ ಇವ್ರದು!" ಎಂದರು ದಡದಲ್ಲಿ ಕುರ್ಚಿ ಹಾಕಿಕೊಂಡಿದ್ದ ಆಂಜಿನಪ್ಪನವರು. "ಉಸಿರು ಕಟ್ಟಿದವನು ಗಾಳಿ, ಗಾಳಿ ಅಂತಲೇ ಅನ್ನೋದು. ಕರೆಕ್ಟಾಗಿ ಹೇಳ್ಕೊಟ್ಟಿದ್ದೀರಿ."

ಬೋಟು ಅವನ ಹತ್ತಿರಕ್ಕೆ ಬಂತು. ಗುಂಡಣ್ಣ ಕೈ ಚಾಚಿ ಮುಂದಕ್ಕೆ ಬಗ್ಗಿದರು. ಅಷ್ಟೇ. ಮಸಾಲೆದೋಸೆಯಂತೆ ಬೋಟು ನಡುವಿನಲ್ಲಿ ಮಡಚಿಕೊಂಡು, ಗುಂಡಣ್ಣ, ಗುರುಚರಣ್ ಇಬ್ಬರನ್ನೂ ಪಲ್ಯದ ಹಾಗೆ ಒಳಗಿಟ್ಟುಕೊಂಡು, ಕಾಶಿನಾಥನ ಮೇಲೆ ಕವುಚಿತು. ಒಂದಷ್ಟು ಹೊತ್ತು ಯಾರ ಕೈ ಯಾರದು, ಯಾರ ಕಾಲು ಯಾರದು ಎಂದು ತಿಳಿಯಲಿಲ್ಲ. ಐಶ್ವರ್ಯ ದಡದಲ್ಲಿ ಚೀರಿದಳು.

ಆಮೇಲೆ ಗುಂಡಣ್ಣ ಎದ್ದು ನಿಂತರು. ನೀರು ಅವರ ಸೊಂಟದವರೆಗಿತ್ತು.

"ಏಳ್ರೀ ಮೇಲೆ" ಎಂದು ಕಾಶಿನಾಥನ ಕಾಲರ್ ಹಿಡಿದೆತ್ತಿದರು. "ಇಷ್ಟು ನೀರಿಗೆ ಇಷ್ಟು ಕೂಗಾಟವಾ?"

ಕಾಶಿನಾಥ ನಿಂತ. ತನ್ನ ಕಾಲಿನ ಮೇಲೆ ತಾನೇ ನಿಂತಿದ್ದೇನೆ ಎಂಬುದನ್ನು ನಂಬಲು ಅವನಿಗೆ ಸ್ವಲ್ಪ ಸಮಯ ಹಿಡಿಯಿತು. ದಡಕ್ಕೆ ಬಂದಾಗ ಆಂಜಿನಪ್ಪನವರು ಗುಂಡಣ್ಣನನ್ನಾಗಲಿ ಗುರುಚರಣನನ್ನಾಗಲಿ ನೋಡಲೂ ಇಲ್ಲ. ನೇರವಾಗಿ ಬಂದು ಕೆಸರು ಸುರಿಯುತ್ತಿದ್ದ ಕಾಶಿನಾಥನಿಗೆ ತಮ್ಮ ಕೊರಳಿನ ಹಾರ ಹಾಕಿದರು.

"ನನ್ನ ಸರ್ವಿಸ್ಸಿನಲ್ಲಿ ಇಂಥ ಮುಳುಗಾಟ ನೋಡಿಲ್ಲ ಕಣ್ರೀ" ಎಂದರು. ಆಮೇಲೆ ಮೇಡಂ ಕಡೆ ತಿರುಗಿ ಇನ್ನೂ ಏನೋ ಹೇಳಿದರು. ಅದನ್ನು ಕೇಳಿದ ಕಾಶಿನಾಥ ಹಾರ ಹಾಕಿಕೊಂಡೇ ಮನೆಯ ಕಡೆ ಹೊರಟ.

ಮನೆಯಲ್ಲಿ ಐಶ್ವರ್ಯ ಬಿಸಿನೀರು ಕಾಯಿಸಿ, ತಲೆ ಒರೆಸಿ, ಶುಂಠಿ ಹಾಕಿದ ಚಹಾ ಕೊಟ್ಟಳು. ಹಾರವನ್ನು ಮೊಳೆಗೆ ತೂಗುಹಾಕಿ ಗಂಡನ ಪಕ್ಕದಲ್ಲಿ ಕೂತಳು. ಹೊರಗೆ ರಸ್ತೆಯಲ್ಲಿ ಬೋಟು ಒಣಗಲು ಬಿದ್ದಿತ್ತು.

"ಹೋಗ್ಲಿ ಬಿಡ್ರಿ. ಮರ್ಯಾದಿ ಹೋದ್ರೂ ಜೀವ ಉಳೀತಲ್ಲ. ನೀರಾಗ ಬಿದ್ದು ಎದ್ದು ಬಂದ್ರಿ. ಅಯ್ಯನವರು ಹೇಳಿದ ಜಲಗಂಡ ಇವತ್ತಿಗೆ ಕಳೀತು ಅಂತ ತಿಳ್ಕೋರಿ."

ಕಾಶಿನಾಥ ಚಹಾದ ಲೋಟವನ್ನು ಕೆಳಗಿಟ್ಟ. ಮೂಲೆಯಲ್ಲಿದ್ದ ಕಾಲಿನ ಪಂಪನ್ನು ಎಳೆದುಕೊಂಡು ತೊಡೆಯ ಮೇಲಿಟ್ಟುಕೊಂಡ.

"ಕಳದಿಲ್ಲ" ಎಂದ. "ಮುಂದಿನ ಐತವಾರಕ್ಕ ಮುಂದೂಡ್ಯಾರ. ಸಾಹೇಬರ ಮುಂದ ನಾ ಮತ್ತೊಮ್ಮೆ ಮುಳುಗಬೇಕಂತ, ಹೆಸರಘಟ್ಟದ ಕೆರ್ಯಾಗ. ಅಲ್ಲಿ ನೀರು ಚಲೋ ಆಳ ಐತಂತ."